ಕುಂಕುಮದ ಫ್ಲಾಪಿ

ಹುಮನಾಬಾದಿನಲ್ಲಿ ಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದ ರತ್ನಮಾಲಾಳ ಕಿವಿ ಹಿಂದಿನ ಬೆಂಚಿನತ್ತಲೇ ಇತ್ತು. ಅಲ್ಲಿ ಕಲ್ಯಾಣದಿಂದ ಮೆಕ್ಯಾನಿಕ್‌ನನ್ನು ಕರೆತರಲು ಹೊರಟಿದ್ದ ಬೀಜದ ಸೊಸೈಟಿಯ ಮ್ಯಾನೇಜರೂ ಕಂಪ್ಯೂಟರ್ ನೋಡಿಕೊಳ್ಳುವ ದೀಪಾಲಿಯೂ ಕೂತಿದ್ದರು.

“ಕಂಪ್ಯೂಟರ್ ಕೆಟ್ಟು ಕುಂತದ. ಹೊಸ ಬ್ಯಾಕಪ್ ಸುದ್ದಾ ತೆರೀವಲ್ದು. ಹಳೇವು?”

“ನೀವು ಹೇಳಿದಂಗ ಅಳಸೀನ್ರಿ ಸರ್. ರಜಿಸ್ಟರಿನಾಗೂ ಬರದೀನ್ರಿ.”

“ಅಯ್ಯ, ಎರಡು ಸಾವಿರ ರೈತರ ಹೆಸರು ಹೋದ್ವಲ್ಲವಾ!”

“ಒಂದು ಫ್ಲಾಪಿ ಅಳಸಿಲ್ರಿ.”

“ಎಲ್ಲಾ ಅಳಸೀನಂತ ಬರದೀಯಲ್ಲ?”

“ಸುಳ್ಳ ಬರದೀನ್ರಿ. ದಸರಾದಾಗ ನೀವೇ ಅದಕ್ಕ ಕುಂಕುಮ ಹಚ್ಚಿ ಪೂಜಿ ಮಾಡಿದ್ರಿ. ಅಳಸಾಕ ಕೈ ಬರಲಿಲ್ರಿ.”

“ಎಲ್ಲದ ಅದು?”

“ನಮ್ಮನಿ ದೇವರ ಜಗಲಿ ಮ್ಯಾಲ, ಮೂರ್ತಿ ಬಾಜೂಕ ಅದ್ರಿ.”

ಕಲ್ಯಾಣದ ಬಸ್ ಬಂತು. ರತ್ನಮಾಲಾ ಹತ್ತಿದಳು. ಮ್ಯಾನೇಜರ್ ಬಸ್ಸಿಗೆ ಬೆನ್ನು ತಿರುಗಿಸಿ ನಡೆದೇಬಿಟ್ಟರು.

“ಮೆಕ್ಯಾನಿಕ್ ಆಮ್ಯಾಲ. ಮೊದಲ ನಿಮ್ಮನಿಗಿ ನಡಿಯವಾ. ದಾರ್ಯಾಗ ಒಂದು ತೆಂಗಿನಕಾಯಿ ತಗೊಳ್ಳೋಣು, ಬರಿಗೈಲೆ ಹ್ಯಾಂಗ ಬರ್ಲಿ?”