ಆಟದ ಮ್ಯಾಟಿನ ಮೇಲೆ ಅಪ್ಪ ಬರೆದ ಸಾಲು

ಹಲೋ… ಹಲೋ, ಯಾರು ಮಾತಾಡ್ತಿರೋದು? ಆಟದ ಸಾಮಾನಿನ ಅಂಗಡಿನಾ?…

ಹಾಂ, ನಮಸ್ಕಾರ ಸರ್. ನೀವು ಮಾರಿದ ಒಂದು ಮ್ಯಾಟ್ ನಮ್ಮನೇಲಿದೆ. ದಪ್ಪ ರೆಕ್ಸಿನ್ ಥರದ್ದು, ಸುರುಳಿ ಸುತ್ತಿಡೋದು, ಮೇಲೆಲ್ಲ ಚೌಕ ಚೌಕ ಗೆರೆ. ಅಂಚಲ್ಲಿ ಈ ನಂಬರ್ ಇತ್ತು…

ವಿನೈಲಾ? ಹಾಂ, ಅದೇ ಇರಬೇಕು. ಅದರ ಮೇಲೆ ಮಾರ್ಕರಲ್ಲಿ ಬರೆದದ್ದು ಹೋಗ್ತಾ ಇಲ್ಲ ಸರ್…

ಇಲ್ಲ, ನೀರಲ್ಲಿ ಹೋಗೋ ಪೆನ್ನಲ್ಲ. ಅದಾಗಿದ್ರೆ ಒದ್ದೆ ಬಟ್ಟೆ ಎಳೆದ್ರೆ ಸಾಕಿತ್ತು, ದಿನಾ ಒರೆಸ್ತಿದ್ದೆ. ಇದು ಬೇರೆ. ಬಾಟಲಿ ಮೇಲೆ ಹೆಸರು ಬರೀತಾರಲ್ಲ, ಆ ಕಪ್ಪು ಪೆನ್ನು…

ಹದಿಮೂರು ದಿನ ಆಯ್ತು…

ಗೊತ್ತು ಸರ್. ತಪ್ಪು ನಂದೇ. ಬೈಯಿರಿ, ಪರವಾಗಿಲ್ಲ…

ಸೋಪಿನ ನೀರು ಹಾಕಿದೆ. ಹಲ್ಲುಜ್ಜೋ ಪೇಸ್ಟ್ ಹಚ್ಚಿದೆ. ಪಾತ್ರೆ ತಿಕ್ಕೋ ನಾರಲ್ಲಿ ಒಂದು ಮೂಲೇಲಿ ಉಜ್ಜಿ ನೋಡಿದೆ, ಮ್ಯಾಟಿನ ಗೆರೆ ಹೋಯ್ತು, ಅಕ್ಷರ ಹೋಗಲಿಲ್ಲ. ಅಲ್ಲಿಗೆ ನಿಲ್ಲಿಸಿದೆ… ಫೋನಲ್ಲಿ ಮಾತಾಡೋದು ನನಗೆ ಅಷ್ಟು ಬರಲ್ಲ ಸರ್, ಬೇಗ ಹೇಳಿ ಇಟ್ಬಿಡ್ತೀನಿ…

ಆಟಕ್ಕಲ್ಲ. ಅಪ್ಪ ಬರೆದದ್ದು. ಗಂಟಲಿನ ಆಪರೇಷನ್ ಆಗಿ ನಳಿಕೆ ಹಾಕಿದ್ರು, ಮಾತು ಹೋಗಿತ್ತು. ಕಾಗದ ಕೊಟ್ರೆ ಕೈ ನಡುಗಿ ಹರಿದುಹೋಗೋದು. ಮ್ಯಾಟ್ ಅಣ್ಣಂದು, ಗೆಳೆಯರ ಜೊತೆ ಅದರ ಮೇಲೆ ನಕ್ಷೆ ಬರೆದು, ಒರೆಸಿ ಆಡ್ತಾನೆ. ಇದರ ಮೇಲೆ ದೊಡ್ಡದಾಗಿ ಬರೀಲಿ ಅಂತ ಆಸ್ಪತ್ರೆ ಗೇಟಿನ ಹತ್ತಿರ ತಂದು ನನ್ನ ಕೈಗೆ ಕೊಟ್ಟ…

ಇಲ್ಲ, ಅಪ್ಪ ಈಗ ಇಲ್ಲ. ಹನ್ನೆರಡು ದಿನ… ಇರಲಿ ಸರ್, ನಿಮಗೆ ಹೇಗೆ ಗೊತ್ತಾಗಬೇಕು…

ಪೆನ್ನಾ? ಅಣ್ಣ ನಾಲ್ಕು ಕೊಟ್ಟಿದ್ದ. ಒಂಬತ್ತೇ ದಿನದಲ್ಲಿ ಮೂರು ಖಾಲಿ. ಮಾತು ಇದ್ದಾಗ ಅಪ್ಪ ಅಷ್ಟು ಮಾತಾಡಿದ್ದೇ ಇಲ್ಲ. ಉಳಿದದ್ದು ಕೆಂಪು. ಅದು ಬೇಡ ಅಂತ ಮೊದಲೇ ಬರೆದಿದ್ರು, ಮೇಷ್ಟ್ರು ತಪ್ಪು ತಿದ್ದಿದ ಹಾಗೆ ಕಾಣುತ್ತೆ ಅಂತ. ಅವಸರದಲ್ಲಿ ಔಷಧಿ ಅಂಗಡಿಗೆ ಹೋಗಿ ಇದನ್ನ ತಂದೆ. ನೋಡೋಕೆ ಅದೇ ಥರ ಇತ್ತು. ಒರೆಸೋಕೆ ಹೋದಾಗಲೇ ಗೊತ್ತಾಗಿದ್ದು…

ಅಣ್ಣನೂ ಇದನ್ನೇ ಹೇಳ್ತಾನೆ ಸರ್. ಒರೆಸಬೇಡ, ಅಪ್ಪ ಬರೆದದ್ದು ಏನಿದ್ರೂ ಹಾಗೇ ಇರಲಿ, ಚೌಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ ಅಂತ. ತಗೊಂಡು ಹೋಗೋಕೆ ಇವತ್ತು ಬರ್ತಾನೆ. ಹನ್ನೊಂದಕ್ಕೆ ಅಂದಿದ್ದಾನೆ. ಈಗ ಹತ್ತೂಕಾಲು…

ಓದಿಲ್ಲ ಅವನು. ಸುರುಳಿ ಸುತ್ತಿ ಬೀರು ಹಿಂದೆ ನಿಲ್ಲಿಸಿದ್ದೆ. ಮನೇಲಿದೆ ಅಂತ ನೋಡಿದ್ದಾನೆ, ಕಳೆದುಹೋಯ್ತು ಅನ್ನೋಕೂ ಆಗಲ್ಲ…

ಹೇಳಲೇಬೇಕಾ?…

ಒಂದೇ ಸಾಲು. ‘ಅವನನ್ನ ಒಳಗೆ ಬಿಡಬೇಡ.’ ಅಷ್ಟೇ…

ಯಾರನ್ನ ಅಂತಾನಾ ಸರ್?…

ಹಾಂ. ಅಣ್ಣನ್ನೇ…

ಏಳು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ನಮ್ಮದು ಬೀಗದ ಕೈ ಮಾಡೋ ಅಂಗಡಿ. ಅಣ್ಣ ಒಂದಿನ ಕೈಲಿದ್ದ ಲೋಹ ಉಜ್ಜೋ ಅರ ಕೆಳಗಿಟ್ಟು, ನನಗಿದು ಬೇಡ ಅಂತ ಎದ್ದು ಹೋದ. ನಾನಾಗ ಎಂಟನೇ ಕ್ಲಾಸು. ಶಾಲೆ ಬಿಟ್ಟು ಅವನ ಜಾಗದಲ್ಲಿ ಕೂತೆ. ನಾನು ಮರೆತುಬಿಟ್ಟೆ ಸರ್. ಅಪ್ಪ ಮರೀಲಿಲ್ಲ…

ಬಂದಿದ್ದ. ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತಿದ್ದ. ಒಳಗೆ ಹೋಗಿ ಅಣ್ಣ ಬಂದಿದ್ದಾನೆ ಅಂದೆ, ಅಪ್ಪ ಇದನ್ನ ಬರೆದ್ರು. ಹೊರಗೆ ಬಂದು ನಿದ್ದೆ ಮಾಡ್ತಿದ್ದಾರೆ ಅಂದೆ. ಮೂರು ಸಲ ಎದ್ರಾ ಅಂತ ಕೇಳಿದ. ಮೂರು ಸಲನೂ ಅದನ್ನೇ ಅಂದೆ. ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯವರು ಹೇಳಿಕಳಿಸಿದ್ರು… ಒಂದು ಸಲ ಎಬ್ಬಿಸಬಾರದಿತ್ತಾ ಅಂತ ಈಗ್ಲೂ ನನ್ನ ಬೈತಾನೆ. ಎದ್ದಿದ್ರೆ ಕರೀತಿದ್ರು ಅಂತ ನಂಬ್ಕೊಂಡಿದ್ದಾನೆ…

ಅಪ್ಪನ ಹತ್ತಿರಾನೂ ಸುಳ್ಳೇ ಹೇಳಿದ್ದೆ ಬಿಡಿ. ಮ್ಯಾಟ್ ಯಾರದ್ದು ಅಂತ ಬರೆದು ಕೇಳಿದ್ರು, ಆಸ್ಪತ್ರೆಯವರದ್ದು ಅಂದೆ. ‘ಒಳ್ಳೇ ಆಸ್ಪತ್ರೆ’ ಅಂತ ಬರೆದ್ರು… ನಗು ಬರುತ್ತೆ, ಅಲ್ವಾ…

ಹಾಂ, ಹೇಳಿ, ಕೇಳಿಸ್ತಿದೆ… ಬಿಳಿ ಬೋರ್ಡಿನ ಪೆನ್ನು ಇದೆ, ನಮ್ಮ ಅಂಗಡೀಲಿ ಬೆಲೆ ಬರೆಯೋದು. ಅದರಿಂದ ಏನು, ಅಕ್ಷರದ ಮೇಲೇ ಮತ್ತೆ ಬರೀಬೇಕಾ?… ಹಸಿ ಇರುವಾಗಲೇ ಒರೆಸಬೇಕು. ಹೊಸ ಶಾಯಿ ಹಳೇದನ್ನ ಎಬ್ಬಿಸ್ಕೊಂಡು ಬರುತ್ತೆ. ಸರಿ… ಇಡಬೇಡಿ ಸರ್, ಲೈನಲ್ಲೇ ಇರಿ. ಫೋನ್ ಭುಜಕ್ಕೆ ಸಿಕ್ಕಿಸ್ಕೋತೀನಿ…

ಬರೀತಿದ್ದೀನಿ… ‘ವ’ನ ಎಷ್ಟು ಅಗಲ ಬರೆದಿದ್ದಾರೆ ನೋಡಿ, ಮೂರು ಚೌಕ ತಗೊಂಡಿದೆ… ಕೈ ನಡುಗಿದ ಕಡೆ ನಾನೂ ನಡುಗಿಸ್ಕೊಂಡೇ ಹೋಗಬೇಕು, ಇಲ್ಲಾಂದ್ರೆ ಅದರ ಮೇಲೆ ಕೂರಲ್ಲ…

ಒರೆಸಿದೆ. ಬಟ್ಟೆ ಕಪ್ಪಾಯ್ತು. ಹಾಂ, ತೆಳುವಾಗಿದೆ… ಇನ್ನೊಂದು ಸಲಾನಾ?…

ಮೂರು ಸಲ ಆಯ್ತು ಸರ್. ಮೂರು ಸಲ ನಾನೇ ಅವನನ್ನ ಬಾಗಿಲಲ್ಲಿ ತಡೆದ ಹಾಗಾಯ್ತು…

ಬೂದು ಬಣ್ಣಕ್ಕೆ ಬಂದಿದೆ. ಆದ್ರೆ ಓದೋಕಾಗುತ್ತೆ. ಕಿಟಕಿ ಹತ್ತಿರ ಹಿಡಿದ್ರೆ ಚೆನ್ನಾಗೇ ಓದೋಕಾಗುತ್ತೆ… ಒಳಗೆ ಇಳಿದಿದೆ ಅಂದ್ರೆ? ಮ್ಯಾಟೇ ಕುಡ್ಕೊಂಡುಬಿಟ್ಟಿದ್ಯಾ? ಏನು ಮಾಡಿದ್ರೂ ಪೂರ್ತಿ ಹೋಗಲ್ವಾ?…

ಉಗುರಿನ ಬಣ್ಣ ತೆಗೆಯೋ ಬಾಟಲಿ ಒಂದಿದೆ…

ಬೇಡ ಅಂದ್ರೆ, ಹಾಕಿದ್ರೆ ಏನಾಗುತ್ತೆ?… ಗೆರೆ, ಬಣ್ಣ ಎಲ್ಲ ಎದ್ದು ಬರುತ್ತೆ. ಮ್ಯಾಟಿನ ಮೈ ಕರಗಿ ಅಂಟಂಟಾಗುತ್ತೆ. ಆಮೇಲೆ ಯಾರ ಕೈಲೂ ಸರಿ ಮಾಡೋಕಾಗಲ್ಲ… ಅಕ್ಷರ ಓದೋಕೆ ಸಿಗುತ್ತಾ ಸರ್? ನನಗೆ ಅಷ್ಟು ಹೇಳಿ…

ಸಿಗಲ್ಲ. ಸರಿ…

ಗೊತ್ತು. ಅಪ್ಪಂದು ಅಂತ ಅವನ ಹತ್ತಿರ ಬೇರೆ ಏನೂ ಇಲ್ಲ. ಇಬ್ಬರೂ ಜೊತೇಲಿರೋ ಒಂದು ಫೋಟೊನೂ ಇಲ್ಲ… ಯೋಚನೆ ಮಾಡಿದ್ದೀನಿ ಸರ್. ಹನ್ನೆರಡು ದಿನದಿಂದ ಅದೇ ಮಾಡ್ತಿರೋದು…

ಕೊಳೆಯಾಗಿತ್ತು, ಚೊಕ್ಕ ಮಾಡೋಕೆ ಹೋದೆ ಅಂತೀನಿ. ನಾಲ್ಕಕ್ಷರ ಓದಿದ್ರೆ ತಾನೇ ನಿನಗೆ ಬುದ್ಧಿ ಇರೋದು ಅಂತಾನೆ. ಅನ್ನಲಿ. ಈ ಮನೆ ಮೆಟ್ಟಿಲು ಮತ್ತೆ ಹತ್ತದೇನೂ ಇರಬಹುದು. ಉಳಿದಿರೋದು ನಾವಿಬ್ಬರೇ… ಆದ್ರೂ ನನ್ನ ಮೇಲಿನ ಸಿಟ್ಟಲ್ಲಿ ಬದುಕಬಹುದು ಸರ್. ಇದನ್ನ ಓದಿ ಹೇಗೆ ಬದುಕ್ತಾನೆ?…

ಹಾಕಿದೆ… ಮೂಗು ಉರೀತಿದೆ. ಚೌಕದ ಗೆರೆ ಎಲ್ಲ ಬಟ್ಟೆಗೆ ಹತ್ತಿಕೊಂಡು ಬರ್ತಿದೆ… ಎಲ್ಲ ಕಲಸಿ ಕೆಸರಿನ ಹಾಗಾಗ್ತಿದೆ… ‘ಒಳಗೆ’ ಹೋಯ್ತು… ತಡೀರಿ…

ಬಂದ. ಅವನೇ. ಹೇಳಿದ್ದಕ್ಕಿಂತ ಮುಂಚೆ ಬಂದಿದ್ದಾನೆ… ಬಂದೆ ಅಣ್ಣಾ, ಒಂದು ನಿಮಿಷ, ಕೈ ಒದ್ದೆ ಇದೆ… ಇನ್ನೆರಡೇ ಅಕ್ಷರ ಸರ್…

ಆಯ್ತು. ಏನೂ ಕಾಣಲ್ಲ ಈಗ…

ಸರ್, ಇನ್ನೊಂದು ಮಾತು. ಅವನು ಇದನ್ನ ಎತ್ಕೊಂಡು ನೇರ ನಿಮ್ಮ ಹತ್ತಿರಾನೇ ಬರ್ತಾನೆ, ಏನಾದ್ರೂ ಮಾಡೋಕಾಗುತ್ತಾ, ಅಪ್ಪನ ಅಕ್ಷರ ಹೇಗಾದ್ರೂ ಉಳಿಸಿಕೊಡಿ ಅಂತ ಕೇಳ್ತಾನೆ. ಆಗ ನಾನು ಫೋನ್ ಮಾಡಿದ್ದೆ ಅನ್ನಬೇಡಿ. ಏನು ಬರೆದಿತ್ತು ಅಂತ ನಿಮಗೆ… ಸರ್? ನಿಮಗೆ ಗೊತ್ತಿಲ್ಲ ಅಲ್ವಾ?… ಹಲೋ… ಹಲೋ, ಗೊತ್ತಿಲ್ಲ ಅನ್ನಿ ಸರ್…