ಬರೆ ಹಾಕಿದ ಹೊಟ್ಟೆ

೧೯೮೯ರ ಬೇಸಿಗೆ. ಹೊಟ್ಟೆ ಉಬ್ಬಿದ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಹೊಳೆವ್ವ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ತವರೂರಿನ ಬಸ್ಸಿಗೆ ಕಾಯುತ್ತಿದ್ದಳು. ಅಲ್ಲಿನ ಮುದುಕನೊಬ್ಬ ಬರೆ ಹಾಕಿದರೆ ಉಬ್ಬರ ಇಳಿಯುತ್ತದೆಂದು ಮನೆಯವರೆಲ್ಲ ಹೇಳಿದ್ದರು. ಪಕ್ಕದಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಮಗಳು ಹೆಂಗದಾಳ, ಚನ್ನವ್ವಕ್ಕಾ?”

“ಮಿರಜದಾಗ ಆಪರೇಶನ್ ಆತವಾ. ನಿನ್ನೆ ಗಂಜಿ ಕುಡದ್ಲು.”

“ಹೊಟ್ಟ್ಯಾಗ ಏನಿತ್ತಂತ?”

“ಕರಳಿನ ಪರದಿಗೆ ನೀರು ತುಂಬಿದ ಗಡ್ಡಿ. ಲಕ್ಷದಾಗ ಒಂದ ಕೂಸಿಗೆ ಬರತೈತಂತ. ಇಲ್ಲಿ ಎಲ್ಲಾರೂ ಜಂತಿನ ಔಷಧಾ ಕೊಟ್ರು. ಅಲ್ಲಿ ಅದೇನೋ ಹೊಸಾ ಮಶೀನ್ ಹಚ್ಚಿ ನೋಡಿದ ಮ್ಯಾಲ ತಿಳೀತು.”

“ಬರೆ ಹಾಕಿಸಿದ್ದಿ ಅಲ್ಲಾ ನೀ?”

ಚನ್ನವ್ವ ಪಕ್ಕದಲ್ಲಿದ್ದ ಗಂಜಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.

“ಮೂರ ಸಲ. ಕೈಕಾಲು ನಾನ ಹಿಡಕೊಂಡಿದ್ನಿ. ಆ ಕಲೆ ನೋಡಿ ಡಾಕ್ಟರ್ ಬೈಲಿಲ್ಲ. ಬೈದಿದ್ರ ಚಲೋ ಆಗತಿತ್ತು.”

“ಹುಡುಗಿ ಏನಂದ್ಲು?”

“ಆಪರೇಶನ್‌ಗೆ ಒಯ್ಯುವಾಗ, ‘ಯವ್ವಾ, ಈ ಸಲ ನೀ ಹಿಡಕೋಬ್ಯಾಡ’ ಅಂದ್ಲು.”

ಮಿರಜದ ಬಸ್ ಬಂದಿತು. ಚನ್ನವ್ವ ಗಂಜಿಯ ಡಬ್ಬಿ ಎತ್ತಿಕೊಂಡು ನಡೆದಳು. ಹೊಳೆವ್ವ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಓಡಿದಳು.

“ತಂಗೀ, ನಿಲ್ಲವಾ! ಆ ದವಾಖಾನಿಗೆ ನಾನೂ ಬರ್ತೀನಿ.”