ಮೊಣಕಾಲು ಎಂಬ ಹೆಸರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಈ ಸೆಕೆಯಲ್ಲೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಹೊಸ ದೋಣಿಕಟ್ಟೆಯ ನಾಮಫಲಕದ ಪರದೆ ಸರಿಸಲು ದೋಣಿ ಕಟ್ಟುವ ಈ ಬಡಗಿಯನ್ನು ಕರೆದಿದ್ದೀರಿ. ಫಲಕದ ಮೇಲೆ ‘ಮೊಣಕಾಲು’ ಎಂದು ಬರೆಸಿದ್ದೀರಂತೆ. ಹಳೆಯ ಹೆಸರು ಉಳಿಯಲಿ ಎಂಬ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಆ ಹೆಸರಿನ ಬಗ್ಗೆ ಎರಡು ಮಾತು ಹೇಳಬೇಕು.

ನದಿ ಸಮುದ್ರ ಸೇರುವ ಈ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಈಗ ಕಟ್ಟೆ ಇರುವ ಜಾಗದಲ್ಲಿ ನೀರು ಮೊಣಕಾಲಿಗೆ ಬರುತ್ತಿತ್ತು. ಅದಕ್ಕೇ ಆ ಹೆಸರು. ‘ಯಾರ ಮೊಣಕಾಲು ಅಂತ ಮೊದ್ಲು ಹೇಳ್ರಪ್ಪಾ’ ಎಂದು ನಮ್ಮ ಗಿಡ್ಡ ದರ್ಜಿ ಗೊಣಗುತ್ತಿದ್ದ. ಹೆಂಗಸರು ಅಲ್ಲೇ ಇಳಿದು ಕಪ್ಪೆಚಿಪ್ಪು ಹೆಕ್ಕುತ್ತಿದ್ದರು. ತಳದ ಪ್ರತಿ ತಗ್ಗೂ ಅವರ ಪಾದಗಳಿಗೆ ಗೊತ್ತಿತ್ತು.

ಆಮೇಲೆ ಮರಳದಿಬ್ಬ ಕಡಿದು ಸಮುದ್ರಕ್ಕೆ ನೇರವಾಗಿ ಕಾಲುವೆ ತೋಡಿದರು. ದೋಣಿಗಳಿಗೆ ಅನುಕೂಲವಾಯಿತು, ನನ್ನ ಮನೆಯ ಒಲೆಯೂ ಅದರಿಂದಲೇ ಉರಿಯಿತು, ಇಲ್ಲವೆನ್ನಲಾರೆ. ಆದರೆ ಉಪ್ಪು ಒಳಗೆ ಬಂತು. ವರ್ಷ ವರ್ಷವೂ ಚಿಪ್ಪು ಕಡಿಮೆಯಾಗಿ, ಕೊನೆಗೆ ಇಲ್ಲವೇ ಆಯಿತು. ಚಿಪ್ಪಿಲ್ಲದ ನೀರಿಗೆ ಯಾರು ಇಳಿಯುತ್ತಾರೆ? ದೋಣಿ ದಾಟುವ ಜಾಗ ಬೇರೆಯೇ ಇತ್ತು. ಹಾಗಾಗಿ ತಳದ ಮರಳನ್ನು ಕಾಲುವೆಯ ಸೆಳೆತ ಹೊತ್ತೊಯ್ದದ್ದು ಯಾರಿಗೂ ತಿಳಿಯಲಿಲ್ಲ. ಮೇಲೆ ನೀರು ಎಂದಿನಂತೆಯೇ ಹೊಳೆಯುತ್ತಿತ್ತು.

ದೂರದ ಊರಿಗೆ ಮದುವೆಯಾಗಿ ಹೋಗಿದ್ದ ನನ್ನ ತಂಗಿ ಬಹಳ ವರ್ಷಗಳ ಮೇಲೆ ತವರಿಗೆ ಬಂದಳು. ಇಳಿತದ ಹೊತ್ತು, ಆಚೆ ದಡದಲ್ಲಿ ದೋಣಿಗೆ ಕಾಯುತ್ತಿದ್ದಳು. ಈಚೆಯಿಂದ ಅಮ್ಮ ಕೂಗಿದಳು: ‘ನಿಂಗ್ಯಾಕೇ ದೋಣಿ, ಮಹಾರಾಣಿ! ಮೊಣಕಾಲಲ್ಲೇ ಬಾರೇ!’

ತಂಗಿ ನಕ್ಕಳು. ಮೊಣಕಾಲಿನತ್ತ ನಡೆದು, ಬಟ್ಟೆ ಮೇಲೆತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಳು. ಅರ್ಧ ದಾರಿಯಲ್ಲಿ ಆ ಕೈ ಮಾತ್ರ ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದವನಲ್ಲ.

ಅಮ್ಮ ಬದುಕಿರುವವರೆಗೂ ಕೇಳುತ್ತಿದ್ದಳು: ‘ನಾನು ಹೆಸರು ಹೇಳ್ದೆ ಅಷ್ಟೇ, ಅಲ್ವೇನೋ ಮಗಾ?’ ಹೌದಮ್ಮಾ, ಅಷ್ಟೇ, ಎನ್ನುತ್ತಿದ್ದೆ. ಊರೆಲ್ಲ ಹೇಳುತ್ತಿದ್ದ ಹೆಸರು ತಾನೇ?

ನಾಳೆ ಈ ಕಟ್ಟೆಗೆ ಪರವೂರಿನವರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಫಲಕ ಓದುತ್ತಾರೆ. ಓದಿದ್ದನ್ನು ನಂಬಿದರೆ ಅದು ಅವರ ತಪ್ಪೇ?

ಅಧ್ಯಕ್ಷರೇ, ಆ ಪರದೆಯನ್ನು ನಾನು ಸರಿಸಲಾರೆ. ಚೆಂದದ ಹೆಸರು ಬೇಡ. ‘ಇಲ್ಲಿ ಆಳವಿದೆ’ ಎಂದಷ್ಟೇ ಬರೆಸಿ. ಅದಕ್ಕೆ ಬೇಕಾದ ಹಲಗೆಯನ್ನು ನನ್ನ ಕೈಯಾರೆ ಹೆರೆದು ಕೊಡುತ್ತೇನೆ.

ಮಾತು ಎಲ್ಲಿಗೋ ಹೋಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ. ಅದಕ್ಕಾಗಿ ನಿಮಗೆಲ್ಲ ಋಣಿ. ನಮಸ್ಕಾರ.